ಎರಡು ವಿಎಂಗೆ ಒಂದೇ ಡಿಸ್ಕ್: ‘ಷೇರಬಲ್’ ಅನ್ನೋ ಮಾತು ನಂಬಿ ಡೇಟಾ ಕಳ್ಕೋಬೇಡಿ

ಒಂದೇ ವರ್ಚುವಲ್ ಡಿಸ್ಕನ್ನು ಎರಡು ವಿಎಂಗೆ (ವರ್ಚುವಲ್ ಮಷಿನ್, ಅಂದ್ರೆ ಒಂದು ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದ ನಡೆಯೋ ಇನ್ನೊಂದು ಕಂಪ್ಯೂಟರ್) ಅಟ್ಯಾಚ್ ಮಾಡಿ, ಎರಡರಲ್ಲೂ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ (ಡಿಸ್ಕಲ್ಲಿ ಫೈಲುಗಳನ್ನು ಜೋಡಿಸಿಡೋ ವ್ಯವಸ್ಥೆ) ಮೌಂಟ್ ಮಾಡಬೇಡಿ, ಅಂದ್ರೆ ಬಳಕೆಗೆ ತೆರೆಯಬೇಡಿ. ಎಕ್ಸ್‌ಎಫ್‌ಎಸ್ ಆದ್ರೂ ಅಷ್ಟೇ, ಎನ್‌ಟಿಎಫ್‌ಎಸ್ ಆದ್ರೂ ಅಷ್ಟೇ. ಈಗಾಗಲೇ ಮಾಡಿದ್ದರೆ ಮಿಕ್ಕಿದ್ದೆಲ್ಲ ಬಿಟ್ಟು ಮೊದಲು ಕೊನೆಯ ಪ್ಯಾರಾ ಓದಿ.

ಬೇಕಾಗಿದ್ದು ಇಷ್ಟೇ: ಎರಡು ವೆಬ್ ಸರ್ವರ್ ವಿಎಂ, ಅಪ್‌ಲೋಡ್ ಫೈಲುಗಳಿಗೆ ಒಂದು ಡಿಸ್ಕ್. ಎರಡೂ ಕಡೆಯಿಂದ ಬರೆಯೋದಿದೆ ಅಂತ ಹೋಸ್ಟಿಂಗ್‌ನವರಿಗೆ ಮೊದಲೇ ಸ್ಪಷ್ಟವಾಗಿ ಹೇಳಿ ಕೇಳಿದ್ವಿ. ಬಂದ ಉತ್ತರ: “ಆಗುತ್ತದೆ, ಡಿಸ್ಕನ್ನು ಷೇರಬಲ್ ಮಾಡಿಕೊಡುತ್ತೇವೆ.” ಯಾವ ಫೈಲ್‌ಸಿಸ್ಟಮ್ ಹಾಕ್ತೀರಿ ಅಂತ ಒಂದು ಪ್ರಶ್ನೆ ಇಲ್ಲ. ಒಂದೇ ಒಂದು ಪ್ರಶ್ನೆ!

ಎರಡನೇ ವಿಎಂ ಮೊದಲ ಸಲ ಬೂಟ್ ಆಗಲೇ ಇಲ್ಲ. ಡಿಸ್ಕಿನ ರೈಟ್ ಲಾಕ್ (ಬರೆಯೋ ಹಕ್ಕಿನ ಬೀಗ) ಸಿಗಲಿಲ್ಲ ಅಂತ ವಿಎಂ ನಡೆಸೋ ಸಾಫ್ಟ್‌ವೇರ್ ಕ್ಯೂಇಎಂಯು ಎರರ್ ಕೊಟ್ಟಿತು. 2.10ನೇ ಆವೃತ್ತಿಯಿಂದ ಈ ಲಾಕ್ ಇದೆ, ಇರೋದೇ ಇಂಥ ಅನಾಹುತ ತಡೆಯೋದಕ್ಕೆ. ಅವರು ಮಾಡಿದ್ದೇನು? ವಿಎಂನ ಸೆಟ್ಟಿಂಗ್ ಇರೋ ಎಕ್ಸ್‌ಎಂಎಲ್ ಫೈಲಿನಲ್ಲಿ ಷೇರಬಲ್ ಟ್ಯಾಗ್ ಸೇರಿಸಿದರು, ಕ್ಯಾಶ್ ‘ನನ್’ ಮಾಡಿದರು, “ಸಮಸ್ಯೆ ಬಗೆಹರಿದಿದೆ” ಅಂತ ಬರೆದರು. ನಮ್ಮನ್ನು ಕಾಪಾಡ್ತಾ ಇದ್ದದ್ದು ಆ ಎರರ್ ಒಂದೇ. ಅದನ್ನೇ ತೆಗೆದು ಹಾಕಿದರು.

ಷೇರಬಲ್ ಟ್ಯಾಗ್ ಮಾಡೋ ಕೆಲಸ ಬೀಗ ತೆಗೆಯೋದು, ಅಷ್ಟೇ. ಎರಡು ವಿಎಂಗಳ ಕರ್ನಲ್‌ಗಳ (ಆಪರೇಟಿಂಗ್ ಸಿಸ್ಟಮಿನ ತಿರುಳು) ನಡುವೆ ಮಾತುಕತೆ ಅದರಿಂದ ಶುರುವಾಗಲ್ಲ. ಕ್ಯಾಶ್ ‘ನನ್’ ಅಂದ್ರೂ ಹೋಸ್ಟಿನ (ವಿಎಂಗಳನ್ನು ನಡೆಸೋ ಯಂತ್ರದ) ಕ್ಯಾಶ್ ಮಾತ್ರ ಹೋಗುತ್ತೆ, ವಿಎಂ ಒಳಗಿನ ಪೇಜ್ ಕ್ಯಾಶ್ (ಮೆಮೊರಿಯಲ್ಲಿರೋ ಡಿಸ್ಕ್ ಡೇಟಾದ ನಕಲು) ಇದ್ದ ಹಾಗೇ ಇರುತ್ತೆ. ಖಾಲಿ ಬ್ಲಾಕ್ ಯಾವುವು ಅನ್ನೋ ಬಿಟ್‌ಮ್ಯಾಪನ್ನು ಪ್ರತಿ ವಿಎಂ ತನ್ನ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತೆ. ಒಂದು ವಿಎಂ ಆಗಲೇ ಬಳಸಿದ ಬ್ಲಾಕು ಇನ್ನೊಂದರ ಲೆಕ್ಕದಲ್ಲಿ ಇನ್ನೂ ಖಾಲಿ. ಅದೂ ಅಲ್ಲೇ ಬರೆಯುತ್ತೆ. ಜರ್ನಲ್ (ಬದಲಾವಣೆಗಳನ್ನು ಮೊದಲು ಬರೆದಿಡೋ ದಾಖಲೆ) ಕೂಡ ಒಂದೇ, ಅದಕ್ಕೆ ಇಬ್ಬರು ಒಡೆಯರು. ಸುಮ್ಮನೆ ಬಿಟ್ಟರೆ 5 ಸೆಕೆಂಡಿಗೊಮ್ಮೆ ಕಮಿಟ್, ಅಂದ್ರೆ ಬಾಕಿ ಬದಲಾವಣೆ ಜರ್ನಲಿಗೆ ಬರೆಯೋದು. ಪ್ರತಿ ಕಮಿಟ್‌ನಲ್ಲೂ ಒಬ್ಬರ ಹಳೇ ಲೆಕ್ಕ ಇನ್ನೊಬ್ಬರ ಹೊಸ ಲೆಕ್ಕದ ಮೇಲೆ ಬೀಳ್ತಾ ಇರುತ್ತೆ.

ಮೋಸ ಹೋದದ್ದು ಗೊತ್ತಾಗಬೇಕಿದ್ದದ್ದು ಮೊದಲ ದಿನವೇ. ಒಂದು ವಿಎಂನಲ್ಲಿ ಬರೆದ ಫೈಲ್ ಇನ್ನೊಂದರಲ್ಲಿ ಕಾಣ್ತಾ ಇರಲಿಲ್ಲ. ಕೇಳಿದ್ದಕ್ಕೆ ಉತ್ತರ: “ಕ್ಯಾಶ್ ವಿಳಂಬ. ಅನ್‌ಮೌಂಟ್ ಮಾಡಿ ಮತ್ತೆ ಮೌಂಟ್ ಮಾಡಿ.” ಮಾಡಿದ್ವಿ. ಫೈಲ್ ಬಂತು! ಸರಿಹೋಯ್ತು ಅಂದ್ಕೊಂಡ್ವಿ. ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತೆ. ಡಿಸ್ಕಲ್ಲಿ ಇರೋದು ಒಂದು, ವಿಎಂ ತಿಳ್ಕೊಂಡಿರೋದು ಇನ್ನೊಂದು ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. ಆ ಅನ್‌ಮೌಂಟ್ ಹೊತ್ತಿಗೇ ಹಳೇ ಮೆಟಾಡೇಟಾ (ಯಾವ ಫೈಲ್ ಎಲ್ಲಿದೆ ಅನ್ನೋ ಲೆಕ್ಕ) ಡಿಸ್ಕಿಗೆ ಇಳಿದಿತ್ತು.

ಆಮೇಲೆ ಒಂದು ಜೆಪೆಗ್ ಫೈಲ್ ತೆರೆಯಲಿಲ್ಲ. ಹೆಸರು ಸರಿ, ದಿನಾಂಕ ಸರಿ, ಒಳಗೆ ನೋಡಿದರೆ ಇನ್ನೊಂದು ವಿಎಂನ ಲಾಗ್ ಸಾಲುಗಳು. ಒಂದರ ಕೆಳಗೊಂದು, ಅಚ್ಚುಕಟ್ಟಾಗಿ. ಅದರ ಹಿಂದೆಯೇ ಬಿಟ್‌ಮ್ಯಾಪ್ ಚೆಕ್‌ಸಮ್ ತಪ್ಪು ಅಂತ ಕರ್ನಲ್ ಲಾಗಿನಲ್ಲಿ ಸಾಲು ಸಾಲು ಎರರ್, ‘ಸ್ಟ್ರಕ್ಚರ್ ನೀಡ್ಸ್ ಕ್ಲೀನಿಂಗ್’, ಡಿಸ್ಕ್ ರೀಡ್-ಓನ್ಲಿ. ಫೈಲ್‌ಸಿಸ್ಟಮ್ ರಿಪೇರಿ ಮಾಡೋ ಎಫ್‌ಎಸ್‌ಸಿಕೆ ಓಡಿಸಿದ್ದಕ್ಕೆ ಅರ್ಧ ಫೈಲುಗಳು ಲಾಸ್ಟ್+ಫೌಂಡ್ ಫೋಲ್ಡರಿನಲ್ಲಿ ಬರೀ ನಂಬರುಗಳಾಗಿ ಬಿದ್ದಿದ್ದವು.

ಕೊನೆಗೆ ಹೋಸ್ಟಿಂಗ್‌ನವರು ಏನಂದ್ರು ಗೊತ್ತಾ? “ಬ್ಲಾಕ್ ಡಿವೈಸ್ ಸರಿಯಾಗಿದೆ. ಫೈಲ್‌ಸಿಸ್ಟಮ್ ಆಯ್ಕೆ ಗ್ರಾಹಕರ ಜವಾಬ್ದಾರಿ.” ಟಿಕೆಟ್ ಕ್ಲೋಸ್. ಹಾಗಾದ್ರೆ ಮೊದಲೇ ಕೇಳಿದಾಗ “ಆಗುತ್ತದೆ” ಅಂದಿದ್ದು ಯಾವುದಕ್ಕೆ?

‘ಒಂದು ಕಡೆ ರೀಡ್-ಓನ್ಲಿ ಮೌಂಟ್ ಮಾಡಿ, ಏನೂ ಆಗಲ್ಲ’ ಅನ್ನೋರನ್ನೂ ನಂಬಬೇಡಿ. ರೀಡ್-ಓನ್ಲಿ ಅಂದ್ರೂ ಇಎಕ್ಸ್‌ಟಿ4 ಮೌಂಟ್ ಹೊತ್ತಿಗೆ ಜರ್ನಲ್ ರೀಪ್ಲೇ ಮಾಡುತ್ತೆ, ಅಂದ್ರೆ ಡಿಸ್ಕಿಗೆ ಬರೆಯುತ್ತೆ. ‘ನೋಲೋಡ್’ ಆಪ್ಷನ್ ಕೊಟ್ಟರೆ ಬರೆಯಲ್ಲ ನಿಜ, ಆದ್ರೆ ಕಾಣೋದು ಹಳಸಿದ ಡೇಟಾ.

ಫೈಲ್ ಹಂಚೋದೇ ಉದ್ದೇಶ ಆದ್ರೆ ಡಿಸ್ಕನ್ನು ಒಂದೇ ವಿಎಂಗೆ ಕೊಟ್ಟು, ಅಲ್ಲಿಂದ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಫೈಲ್ ಹಂಚೋ ವಿಧಾನ) ಎಕ್ಸ್‌ಪೋರ್ಟ್ ಮಾಡಿ. ಎರಡೂ ವಿಎಂ ಒಂದೇ ಹೋಸ್ಟಲ್ಲಿದ್ದರೆ ಹೋಸ್ಟಿನ ಫೋಲ್ಡರನ್ನು ವಿಎಂಗಳಿಗೆ ಹಂಚೋ ವರ್ಟಿಯೋಎಫ್‌ಎಸ್ ಸಾಕು. ಡಿಸ್ಕನ್ನೇ ಹಂಚಬೇಕಾದರೆ ಹಲವು ಯಂತ್ರ ಒಟ್ಟಿಗೆ ಬಳಸೋಕೆಂದೇ ಮಾಡಿದ ಜಿಎಫ್‌ಎಸ್2 ಅಥವಾ ಒಸಿಎಫ್‌ಎಸ್2 ಫೈಲ್‌ಸಿಸ್ಟಮ್ ಬೇಕು. ಜಿಎಫ್‌ಎಸ್2ಗೆ ಕೋರೋಸಿಂಕ್ (ಯಂತ್ರಗಳ ನಡುವೆ ಸಂಪರ್ಕ ಇಡೋದು), ಡಿಎಲ್‌ಎಂ (ಬೀಗಗಳನ್ನು ಹಂಚೋದು), ಕೆಲಸ ಮಾಡೋ ಫೆನ್ಸಿಂಗ್ (ಕೆಟ್ಟ ಯಂತ್ರವನ್ನು ಡಿಸ್ಕಿನಿಂದ ದೂರ ಇಡೋದು), ಪ್ರತಿ ನೋಡ್‌ಗೆ (ಯಂತ್ರಕ್ಕೆ) ಒಂದೊಂದು ಜರ್ನಲ್, ಎಲ್ಲಾ ಇರಬೇಕು. ಡಿಸ್ಕ್ ಇಮೇಜ್ ರಾ ಫಾರ್ಮ್ಯಾಟ್ ಆಗಿರಬೇಕು, ಕ್ಯೂಇಎಂಯುನ ಕ್ಯೂಕೌ2 ಫಾರ್ಮ್ಯಾಟ್ ಬೇಡವೇ ಬೇಡ. ಒಬ್ಬರಾದ ಮೇಲೆ ಇನ್ನೊಬ್ಬರು ಬಳಸೋ ಫೇಲೋವರ್ ಡಿಸ್ಕ್ ಆಗಿದ್ದರೆ ಅನ್‌ಮೌಂಟ್ ಮಾಡಿ, ಟ್ಯೂನ್2ಎಫ್‌ಎಸ್ ಕಮಾಂಡಿನಿಂದ ಎಂಎಂಪಿ (ಎರಡು ಕಡೆ ಮೌಂಟ್ ತಡೆಯೋ ರಕ್ಷಣೆ) ಆನ್ ಮಾಡಿ. ಆಮೇಲೆ ಎರಡನೇ ಮೌಂಟನ್ನು ಇಎಕ್ಸ್‌ಟಿ4 ತಾನೇ ನಿರಾಕರಿಸುತ್ತೆ.

ಈಗಾಗಲೇ ಎರಡೂ ಕಡೆ ಮೌಂಟ್ ಆಗಿದ್ದರೆ: ಬರೆಯುವ ಸರ್ವಿಸ್‌ಗಳನ್ನು ಎರಡೂ ಕಡೆ ತಕ್ಷಣ ನಿಲ್ಲಿಸಿ. ಓದಲಿಕ್ಕೆ ಸಿಗುವ ಫೈಲುಗಳನ್ನು ಎರಡೂ ವಿಎಂನಿಂದ ನೆಟ್‌ವರ್ಕ್ ಮೂಲಕ ಬೇರೆ ಯಂತ್ರಕ್ಕೆ ನಕಲು ಮಾಡಿಕೊಳ್ಳಿ. ಆಮೇಲೆ ಕ್ಲೀನ್ ಶಟ್‌ಡೌನ್ ಬೇಡ, ಅದು ಮೆಮೊರಿಯಲ್ಲಿರೋ ಹಳೇ ಲೆಕ್ಕವನ್ನು ಡಿಸ್ಕಿಗೆ ಇಳಿಸುತ್ತೆ. ಎರಡನ್ನೂ ಫೋರ್ಸ್ ಆಫ್ ಮಾಡಿ. ಇಡೀ ಡಿಸ್ಕಿನ ಇಮೇಜ್ ತೆಗೆದು, ಎಫ್‌ಎಸ್‌ಸಿಕೆಯನ್ನು ಆ ನಕಲಿನ ಮೇಲೆ ಓಡಿಸಿ. ಮೂಲ ಡಿಸ್ಕಿನ ಮೇಲೆ ಓಡಿಸಬೇಡಿ, ನಾವು ಓಡಿಸಿದ್ವಿ.