ನರ್ಸ್‌ಗಳ ಔಟ್‌ಬ್ರೇಕ್ ಕೋರ್ಸ್: ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ

ಔಟ್‌ಬ್ರೇಕ್, ಅಂದರೆ ರೋಗ ಒಮ್ಮೆಲೇ ಹರಡಿದಾಗ ಏನು ಮಾಡಬೇಕು ಅಂತ ನರ್ಸ್‌ಗಳಿಗೆ ವಿಡಿಯೋದಲ್ಲಿ ಕಲಿಸುವ ಕೋರ್ಸ್ ಇದು. ಮಾಡಿಸುವ ಕಂಪನಿಯ ಹೆಸರು ಬರೆಯುವುದಿಲ್ಲ, ಬಯ್ಯುವುದು ಸ್ವಲ್ಪ ಜಾಸ್ತಿನೇ ಇದೆ. ಎಷ್ಟು ಗಂಟೆ, ಎಷ್ಟು ಪಾಠ, ಎಷ್ಟು ಸಿಎನ್‌ಇ (ನರ್ಸ್‌ಗಳ ಮುಂದುವರಿದ ಕಲಿಕೆ) ಅಂಕ ಅನ್ನೋದೆಲ್ಲ ಜಾಹೀರಾತಿನಲ್ಲೇ ಇದೆ, ಅದನ್ನು ಬಿಡೋಣ. 2024ರ ಮಳೆಗಾಲದಲ್ಲಿ, ನಾನು ಕೆಲಸ ಮಾಡುವ ಪುಣೆ ಊರಿನ ಏರಂಡವಣೆಯಲ್ಲಿ ಸೊಳ್ಳೆಯಿಂದ ಹರಡುವ ಝೀಕಾ ವೈರಸ್ ಸಿಕ್ಕಿದೆ ಅಂತ ಎಲ್ಲ ಕಡೆ ಅದೇ ಮಾತಾಗಿದ್ದಾಗ ಸೇರಿಕೊಂಡೆ. ಎರಡೂವರೆ ಸಾವಿರ ರೂಪಾಯಿ. ಆಸ್ಪತ್ರೆಯವರು ಕೊಡಲಿಲ್ಲ, ನನ್ನ ಸಂಬಳದಿಂದಲೇ ಹೋಯಿತು.

ಶುರುವಿನಲ್ಲಿ ಬರೀ ಸಿಟ್ಟು. ವಿಡಿಯೋ ಮುಂದಕ್ಕೆ ಓಡಿಸುವ ಹಾಗಿಲ್ಲ. ನಡುವೆ ಊರಿಂದ ಅಮ್ಮನ ಫೋನ್ ಬಂದರೆ ಪಾಠ ಮತ್ತೆ ಮೊದಲಿನಿಂದ. ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡ್, ಸೋಪು ನೀರಾದರೆ 40ರಿಂದ 60 ಸೆಕೆಂಡ್ ಅಂತ ಕಾರ್ಟೂನ್ ನರ್ಸ್ ಒಬ್ಬಳು ಬೆರಳು ಬೆರಳೂ ಬಿಡಿಸಿ ತೋರಿಸುತ್ತಾಳೆ, ಐಸಿಯುನಲ್ಲಿ ವರ್ಷಗಟ್ಟಲೆ ಇದೇ ಮಾಡಿಕೊಂಡು ಬಂದ ನಾನು ಕಣ್ಣು ಎಳೆಯುತ್ತಿದ್ದರೂ ಅದನ್ನು ನೋಡುತ್ತಾ ಕೂರಬೇಕು. ಕಸದ ಪಾಠವಂತೂ ಬೇರೆ ಯಾವುದೋ ದೇಶದ್ದು. ನಮ್ಮಲ್ಲಿ ಗ್ಲೌಸ್ ಕೆಂಪು ಚೀಲಕ್ಕೆ, ರಕ್ತ ಹತ್ತಿದ ಹತ್ತಿ ಹಳದಿಗೆ ಅಂತ 2016ರ ನಿಯಮ ಇದೆ. ಅಲ್ಲಿ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ. ಹೊಸ ಹುಡುಗಿಯರು ಇದನ್ನು ನೋಡಿ ಕಲಿತರೆ ಕಥೆ ಏನು?

ಆದರೂ ಬಿಡಲಿಲ್ಲ, ಅಭ್ಯಾಸ ಆಗಿಬಿಟ್ಟಿತ್ತು. ನೈಟ್ ಡ್ಯೂಟಿ ಮುಗಿಸಿ, ಹ್ಯಾಂಡೋವರ್ ಕೊಟ್ಟು, ಬಸ್ಸಿಳಿದ ಕೂಡಲೇ ಸ್ಟಾಪಿನ ಪಕ್ಕದ ಗಾಡಿಯಲ್ಲಿ ಪೋಹೆ, ಅದೇ ನಮ್ಮ ಅವಲಕ್ಕಿ, ಕಟ್ಟಿಸಿಕೊಳ್ಳುತ್ತೇನೆ. ಕಾಕಾ ಕೇಳದೆಯೇ ಮೇಲೆ ಜಾಸ್ತಿ ಖಾರದ ಸೇವ್ ಹಾಕುತ್ತಾರೆ. ಮನೆಗೆ ಬಂದು ಸ್ನಾನ, ಒಂದು ಲೋಟ ಚಹಾ, ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿಟ್ಟು ಒಂದೇ ಒಂದು ಪಾಠ. ಎರಡನೆಯದಕ್ಕೆ ನಿದ್ದೆ ಬಿಡುವುದಿಲ್ಲ.

ಹಾಗೆ ನೋಡುತ್ತಾ ನೋಡುತ್ತಾ ಬಂತು ನೋಡಿ, ಚೌಕದ ಹಾಳೆಯ ಪಾಠ. ಮದುವೆ ಊಟ ಮಾಡಿದವರಿಗೆ ವಾಂತಿ ಭೇದಿ, ಒಬ್ಬೊಬ್ಬರ ವಿವರ ಒಂದೊಂದು ಸಾಲು. ಅದಕ್ಕೆ ಲೈನ್ ಲಿಸ್ಟ್ ಅಂತಾರೆ. ಅದನ್ನಿಟ್ಟುಕೊಂಡು, ಒಬ್ಬ ರೋಗಿಗೆ ಒಂದು ಚೌಕದ ಹಾಗೆ, ತಾರೀಖಿನ ಮೇಲೆ ತುಂಬುತ್ತಾ ಹೋಗಬೇಕು. ಎಲ್ಲರೂ ಒಂದೇ ಊಟದಿಂದ ಕೆಟ್ಟಿದ್ದರೆ ಚೌಕಗಳು ಒಮ್ಮೆಲೇ ಎದ್ದು ಇಳಿಯುತ್ತವೆ. ಒಬ್ಬರಿಂದ ಒಬ್ಬರಿಗೆ ಹತ್ತುತ್ತಿದ್ದರೆ ಸ್ವಲ್ಪ ಬಿಡುವು ಕೊಟ್ಟು ಮತ್ತೆ ಮತ್ತೆ ಏಳುತ್ತವೆ. ಮುಖ್ಯ ಏನಪ್ಪಾ ಅಂದರೆ ಚೌಕ ಹಾಕಬೇಕಾದದ್ದು ಅಡ್ಮಿಟ್ ಆದ ದಿನಕ್ಕಲ್ಲ, ಲಕ್ಷಣ ಶುರುವಾದ ದಿನಕ್ಕೆ. ಪಕ್ಕದ ಮನೆಯ ಹುಡುಗನ ಗಣಿತದ ನೋಟ್‌ಬುಕ್ಕಿನಿಂದ ಹಾಳೆ ಹರಿದು ತಂದು, ಪೋಹೆ ಆರಿಹೋಗುವವರೆಗೂ ತುಂಬುತ್ತಾ ಕೂತೆ. ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾದಲ್ಲಿ ನಮಗೆ ಇದನ್ನು ಯಾರೂ ಹೀಗೆ ಹೇಳಿಕೊಟ್ಟಿರಲಿಲ್ಲ.

2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆ ಕಡೆ ಜಿಬಿಎಸ್ (ಗಿಯಾನ್-ಬಾರೆ ಸಿಂಡ್ರೋಮ್, ನರಗಳಿಗೆ ಪೆಟ್ಟು ಬಿದ್ದು ಕೈಕಾಲು ಸೋಲುವ ಕಾಯಿಲೆ) ಕೇಸುಗಳು ಬಂದಾಗ ಇದು ಕೆಲಸಕ್ಕೆ ಬಂತು. ಜಿಬಿಎಸ್ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಆದರೆ ಸಾಮಾನ್ಯವಾಗಿ ಅದಕ್ಕೆ ಒಂದೆರಡು ವಾರ ಮುಂಚೆ ಒಂದು ಸೋಂಕು ಬಂದಿರುತ್ತದೆ, ಬಹಳ ಸಲ ಹೊಟ್ಟೆಯದು. ಆ ಸಲ ಕೆಲವು ರೋಗಿಗಳ ಮಲದಲ್ಲಿ ಕ್ಯಾಂಪೈಲೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾ ಸಿಕ್ಕಿತ್ತು, ನೀರಿನ ಮೇಲೆ ಅನುಮಾನ ಇತ್ತು. ಸಂಬಂಧಿಕರು ಅಡ್ಮಿಟ್ ಆದ ತಾರೀಖು ಹೇಳುತ್ತಾರೆ. ನಾನು ಕಾಲು ಜೋಮು ಹಿಡಿದದ್ದು ಯಾವತ್ತು, ಅದಕ್ಕೂ ಮುಂಚೆ ಹೊಟ್ಟೆ ಕೆಟ್ಟಿತ್ತಾ, 'ಪಾಣೀ ಕುಠೂನ್ ಯೇತಂ' (ನೀರು ಎಲ್ಲಿಂದ ಬರುತ್ತೆ) ಅಂತ ಮರಾಠಿಯಲ್ಲಿ ಕೇಳಿ ಫೈಲಿನಲ್ಲಿ ಬರೆದಿಡುತ್ತಿದ್ದೆ. ಡಾಕ್ಟರ್ ರೌಂಡ್ಸಿಗೆ ಬಂದಾಗ ಮೊದಲು ಆ ಪುಟ ತಿರುವಿ ನೋಡುತ್ತಿದ್ದರು. ಸುಮ್ನೆ ಹೇಳಬಾರದು, ಖುಷಿಯಾಗುತ್ತಿತ್ತು.

ಈಗ ಮತ್ತೆ ಬಯ್ಯುತ್ತೇನೆ. ಪ್ರಾಣಿಗಳಿಂದ ಬರುವ ರೋಗದ ಪಾಠದಲ್ಲಿ ಬಾವಲಿ, ಎಬೋಲಾ, ಅಷ್ಟೇ. ನಾನು ಸೊರಬದ ಕಡೆಯವಳು. 1957ರಲ್ಲಿ ನಮ್ಮ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು, ಜನಕ್ಕೆ ಜ್ವರ ಬಂದು, ಅದು ಹೊಸ ವೈರಸ್ ಅಂತ ಕಂಡುಹಿಡಿದದ್ದು ಇದೇ ಪುಣೆಯ ಲ್ಯಾಬು, ಈಗಿನ ಎನ್‌ಐವಿ, ಅಂದರೆ ರಾಷ್ಟ್ರೀಯ ವೈರಾಣು ಸಂಸ್ಥೆ. ಆ ಮಂಗನ ಕಾಯಿಲೆಯ ಒಂದು ಸ್ಲೈಡೂ ಇಲ್ಲ. ಮಳೆಗಾಲದ ಇಲಿ ಜ್ವರಕ್ಕೆ ಅರ್ಧ ಪುಟ. ಒಬ್ಬ ಸಿಸ್ಟರ್ ಎಷ್ಟು ಐಸೋಲೇಷನ್ ಹಾಸಿಗೆ ನೋಡಿಕೊಳ್ಳಬೇಕು, ಪಿಪಿಇ (ರಕ್ಷಣೆಯ ಉಡುಪು) ಬಿಚ್ಚುವಾಗ ಪಕ್ಕದಲ್ಲಿ ನೋಡೋಕೆ ಇನ್ನೊಬ್ಬರು ಎಲ್ಲಿಂದ ಬರಬೇಕು, ಇದರ ಬಗ್ಗೆ ತುಟಿ ಪಿಟಕ್ಕೆನ್ನುವುದಿಲ್ಲ. ನಮ್ಮ ವಾರ್ಡಿನಲ್ಲಿ ಒಂದು ಸಲವೂ ಡ್ರಿಲ್ ಆಗಿಲ್ಲ, ಸರ್ಟಿಫಿಕೇಟ್ ಮಾತ್ರ ಎಲ್ಲರ ಫೈಲಿನಲ್ಲೂ ಇದೆ.

ಬರೀ ಕೈ ತೊಳೆಯುವುದು, ಪಿಪಿಇ ಕಲಿಯಬೇಕು ಅಂದರೆ ದುಡ್ಡು ಹಾಕಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಅಂಥ ಪಾಠಗಳನ್ನು ಪುಕ್ಕಟೆಯಾಗಿ ಕೊಡುತ್ತಾ ಬಂದಿದೆ. ಚೌಕದ ಹಾಳೆಯ ಭಾಗಕ್ಕೆ ಐನೂರು ರೂಪಾಯಿ ಕೊಡಬಹುದು, ಅದನ್ನು ಬಿಡಿಯಾಗಿ ಮಾರುವುದಿಲ್ಲ ಅಂತಾರೆ. ಈಗ ರಿನ್ಯೂವಲ್‌ಗೆ ಮತ್ತೆ ಪೂರ್ತಿ ದುಡ್ಡು ಕೇಳಿ ಮೆಸೇಜ್ ಬರುತ್ತಿದೆ. ನಾನಂತೂ ಕಟ್ಟಲ್ಲ.