‘ಕ್ಲಾಸಿಗೆ ಬರೋದೇ ಬೇಡ’ ಅನ್ನೋ ಡಿ.ಎಡ್. ಸೀಟಿಗೆ ಒರಿಜಿನಲ್ ಕೊಡಬೇಡಿ

ಪಿಯುಸಿ ರಿಸಲ್ಟ್ ಬಂದು ಸೀಟಿನ ಓಡಾಟ ಶುರುವಾಯಿತೆಂದರೆ ದಾವಣಗೆರೆಯ ಪಿ.ಬಿ. ರಸ್ತೆಯ ಕಂಬಗಳಲ್ಲೂ ಜಗಳೂರು ಬಸ್ಸಿನ ಸೀಟಿನ ಹಿಂದೆಯೂ ಒಂದೇ ಥರದ ಪಾಂಪ್ಲೆಟ್ ಕಾಣಿಸುತ್ತೆ: ‘ಡಿ.ಎಡ್., ಬಿ.ಎಡ್. ನೇರ ಪ್ರವೇಶ. ತರಗತಿಗೆ ಬರುವ ಅಗತ್ಯವಿಲ್ಲ.’ ಅಂಥದೊಂದು ಕನ್ಸಲ್ಟೆನ್ಸಿಗೆ ಲಕ್ಷಕ್ಕೂ ಮೇಲೆ ದುಡ್ಡು ಕಟ್ಟಿ, ಎರಡು ವರ್ಷ ಕಾದು, ಎಲ್ಲೂ ನಡೆಯದ ಅಂಕಪಟ್ಟಿ ಹಿಡಿದು ಬಂದವಳು ನಾನು. ಈ ವರ್ಷ ಸೀಟು ಹುಡುಕುತ್ತಿರುವವರು, ಅವರ ಅಪ್ಪ ಅಮ್ಮ ದಯವಿಟ್ಟು ಪೂರ್ತಿ ಓದಿ.

ನಂದು ಬಿ.ಎ., ಬಿ.ಎಡ್. ಹಳ್ಳಿಯೊಂದರ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದೆ. 2018ರ ಜೂನ್‌ನಲ್ಲಿ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ, ಬಿ.ಎಡ್. ಆದವರೂ ಒಂದರಿಂದ ಐದನೇ ತರಗತಿಗೆ ಶಿಕ್ಷಕರಾಗಬಹುದು ಅಂತ ಅಧಿಸೂಚನೆ ಹೊರಡಿಸಿತ್ತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದು ಸಲ್ಲದು ಅಂದಿತು. ಆ ತರಗತಿಗಳಿಗೆ ಬೇಕಾದದ್ದು ಪ್ರಾಥಮಿಕ ಶಿಕ್ಷಕರ ಎರಡು ವರ್ಷದ ಡಿಪ್ಲೊಮಾ ಡಿ.ಎಲ್.ಎಡ್., ನಮ್ಮ ಬಾಯಲ್ಲಿ ಇನ್ನೂ ಡಿ.ಎಡ್., ಜೊತೆಗೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸು. ತೀರ್ಪೇನೋ ಸರಿಯೇ. ಒಂದನೇ ಕ್ಲಾಸಿನ ಮಗುವಿಗೆ ಅಕ್ಷರ ಕೂಡಿಸಿ ಓದೋದನ್ನು ಹೇಗೆ ಹೇಳಿಕೊಡಬೇಕು ಅಂತ ನನ್ನ ಬಿ.ಎಡ್.ನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ನಮ್ಮಂಥವರ ಗಾಬರಿ ಈ ಏಜೆಂಟರಿಗೆ ಸುಗ್ಗಿಯಾಯಿತು.

ಆಫೀಸು ಎರಡನೇ ಮಹಡಿಯಲ್ಲಿತ್ತು. ಕುರ್ಚಿಯಲ್ಲಿದ್ದವನ ಮಾತು ಹೀಗೆ: “ಕಾಲೇಜಿಗೆ ಬರೋದೇ ಬ್ಯಾಡ ಮೇಡಮ್, ನಿಮ್ಮ ಡ್ಯೂಟಿ ನೀವು ಮಾಡ್ಕಂಡಿರಿ. ಎಕ್ಸಾಮ್‌ಗೆ ಒಂದ್ಸಲ ಬಂದ್ರೆ ಸಾಕು, ಅಲ್ಲಿ ಎಲ್ಲಾ ನಮ್ಮವರೇ ಇದಾರೆ.” ಕಾಲೇಜು ಹೊರರಾಜ್ಯದ್ದು. ಅಪ್ಪ ಮೆಕ್ಕೆಜೋಳ ಮಾರಿದ ದುಡ್ಡಲ್ಲಿ ಮೊದಲ ಕಂತು ಕಟ್ಟಿದರು. ‘ವೆರಿಫಿಕೇಷನ್‌ಗೆ’ ಅಂತ ಎಸ್ಸೆಸ್ಸೆಲ್ಸಿ, ಪಿಯುಸಿ ಒರಿಜಿನಲ್ ಅಂಕಪಟ್ಟಿ ಇಸಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದ. ಕೊಟ್ಟ ರಸೀದಿಯಲ್ಲಿ ಕಾಲೇಜಿನ ಹೆಸರೂ ಇಲ್ಲ, ಕೋರ್ಸಿನ ಹೆಸರೂ ಇಲ್ಲ. ‘ಸೇವಾ ಶುಲ್ಕ’ ಅಂತಷ್ಟೇ ಇತ್ತು. ಮುಂದೆ ನಾವು ದುಡ್ಡು ಕೇಳಿದಾಗ ಅವನಿಗೆ ಆಸರೆಯಾದದ್ದು ಆ ಎರಡು ಪದವೇ: “ಸೇವೆ ಮಾಡೀವಲ್ಲ ಮೇಡಮ್?”

ಮಾನ್ಯತೆ ಇದೆಯಾ ಅಂತ ಅಪ್ಪ ಕೇಳದೇ ಇರಲಿಲ್ಲ. ಎನ್‌ಸಿಟಿಇ ಆದೇಶದ ಜೆರಾಕ್ಸ್ ತೋರಿಸಿದ. ಕಾಲೇಜಿನ ಹೆಸರು, ಸೀಲು, ಸಹಿ ಎಲ್ಲಾ ಸರಿ. ಮೋಸ ಇದ್ದದ್ದು ಬೇರೆ ಕಡೆ. ಎನ್‌ಸಿಟಿಇ ಒಂದು ಸಂಸ್ಥೆಗೆ ಇಡಿಯಾಗಿ ಮಾನ್ಯತೆ ಕೊಡೋದಿಲ್ಲ. ಯಾವ ಕೋರ್ಸು, ಎಷ್ಟು ಸೀಟು ಅಂತ ಕೋರ್ಸುವಾರು ಕೊಡುತ್ತೆ. ಆ ಕಾಲೇಜಿಗೆ ಇದ್ದದ್ದು ಬಿ.ಎಡ್. ಮಾನ್ಯತೆ ಮಾತ್ರ. ನಮಗೆ ತೋರಿಸಿದ ಜೆರಾಕ್ಸ್‌ನಲ್ಲಿ ಕೋರ್ಸಿನ ಸಾಲು ಬರುವ ಪುಟವೇ ಇರಲಿಲ್ಲ. ಎನ್‌ಸಿಟಿಇ ಜಾಲತಾಣದಲ್ಲಿ ರಾಜ್ಯವಾರು, ಕೋರ್ಸುವಾರು ಪಟ್ಟಿ ಇದೆ. ಏಜೆಂಟನ ಮೊಬೈಲಿನಲ್ಲಿ ಬೇಡ, ನಿಮ್ಮದರಲ್ಲೇ ತೆಗೆದು ಕಾಲೇಜಿನ ಹೆಸರಿನ ಮುಂದೆ ಡಿ.ಎಲ್.ಎಡ್. ಅಂತ ಇದೆಯಾ ನೋಡಿ.

ಎರಡನೇ ವರ್ಷ ‘ರೆಕಾರ್ಡ್ ಸೆಟ್’ ಅಂತ ಬೇರೆ ದುಡ್ಡು ವಸೂಲಿ ಮಾಡಿದರು. ಪಾಠ ಯೋಜನೆಯ ಪುಸ್ತಕಗಳು, ಎಲ್ಲವೂ ಯಾರದೋ ಒಂದೇ ದುಂಡಗಿನ ಅಕ್ಷರದಲ್ಲಿ ಬರೆದಿದ್ದು. ಒಳಗೆ ನಮ್ಮ ಮೂರನೇ ತರಗತಿ ಪರಿಸರ ಅಧ್ಯಯನದ ಪಾಠ, ಅಚ್ಚ ಕನ್ನಡದಲ್ಲಿ. ಕೆಳಗೆ ಮುಖ್ಯಶಿಕ್ಷಕರ ಸೀಲು ಹಿಂದಿಯಲ್ಲಿ! ಕನ್ನಡದ ಗಂಧ ಗಾಳಿ ಇಲ್ಲದ ಊರಿನ ಶಾಲೆಯಲ್ಲಿ ನಾನು ಕನ್ನಡದಲ್ಲಿ ಪಾಠ ಮಾಡಿ ಬಂದೆ ಅಂತ ಅದರ ಅರ್ಥ. ನನ್ನ ಹಾಗೇ ಸಿಕ್ಕಿಕೊಂಡಿದ್ದ ಹೊಳಲ್ಕೆರೆ ಕಡೆಯ ಹುಡುಗಿ, “ಅಕ್ಕಾ, ನನ್ನ ಬುಕ್ಕಲ್ಲೂ ಇದೇ ಅಕ್ಷರ, ಇದೇ ತಾರೀಖು” ಅಂತ ಫೋಟೋ ಕಳಿಸಿದಳು.

ಆ ಪುಸ್ತಕವನ್ನೂ ಅಂಕಪಟ್ಟಿಯನ್ನೂ ಡಯಟ್‌ಗೆ, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗೆ ಒಯ್ದು ಉಪನ್ಯಾಸಕರೊಬ್ಬರಿಗೆ ತೋರಿಸಿದೆ. ಅವರು ಅಂಕಪಟ್ಟಿ ಮುಟ್ಟಲೂ ಇಲ್ಲ. “ಇಂಟರ್ನ್‌ಶಿಪ್ ಯಾವ ಶಾಲೇಲಿ ಮಾಡಿದ್ರಿ ತಾಯಿ?” ಅಂತ ಕೇಳಿದರು, ಅಷ್ಟೇ. ಎನ್‌ಸಿಟಿಇಯ 2014ರ ನಿಯಮದ ಪ್ರಕಾರ ಡಿ.ಎಲ್.ಎಡ್.ಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ, ವಾರಕ್ಕೆ 36 ಗಂಟೆ. ತರಗತಿ ಹಾಜರಾತಿ ಶೇ. 80, ಶಾಲಾ ಇಂಟರ್ನ್‌ಶಿಪ್‌ಗೆ ಶೇ. 90. ಹಾಗಾಗಿ ‘ನಾನ್-ಅಟೆಂಡಿಂಗ್’ ಡಿ.ಎಡ್. ಅನ್ನುವ ಕೋರ್ಸೇ ಇಲ್ಲ. ಮಾನ್ಯತೆ ಇರೋ ಕಾಲೇಜೇ ಆದರೂ ಬರೋದು ಬೇಡ ಅಂದರೆ ಅಲ್ಲೇ ಎದ್ದು ಬನ್ನಿ.

ಅಂಕಪಟ್ಟಿಯ ಮೇಲಿದ್ದ ‘ಪರೀಕ್ಷಾ ಮಂಡಳಿ’ ಆ ರಾಜ್ಯ ಸರ್ಕಾರದ್ದಲ್ಲ ಅಂತ ಆಮೇಲೆ ಗೊತ್ತಾಯಿತು. ಹೆಸರು ಮಾತ್ರ ಸರ್ಕಾರಿ ಕಚೇರಿಯದರಂತೆ ಉದ್ದವಾಗಿತ್ತು. ಇಂಥ ಅಂಕಪಟ್ಟಿ ನಿಮ್ಮ ಕೈಯಲ್ಲೂ ಇದ್ದರೆ ‘ನೋಡೋಣ, ನಡೆದರೆ ನಡೀಲಿ’ ಅಂತ ಯಾವ ಅರ್ಜಿಗೂ ಲಗತ್ತಿಸಬೇಡಿ. ನೇಮಕಾತಿಯಲ್ಲಿ ಅಂಕಪಟ್ಟಿ ಕೊಟ್ಟ ಮಂಡಳಿಗೇ ಸಿಂಧುತ್ವಕ್ಕೆ ಬರೆದು ಕೇಳುತ್ತಾರೆ. ನಕಲಿ ಅಂತ ಗೊತ್ತಿದ್ದೂ ಬಳಸಿದರೆ ಕೇಸು ಬೀಳೋದು ಏಜೆಂಟನ ಮೇಲೆ ಮಾತ್ರ ಅಲ್ಲ, ನಿಮ್ಮ ಮೇಲೂ.

ಸರಿಯಾದ ದಾರಿ ಕಷ್ಟದ್ದೇನೂ ಅಲ್ಲ. ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ ಡಿ.ಎಲ್.ಎಡ್.ಗೆ ಅರ್ಜಿ ಕರೆಯುತ್ತೆ. ಪಿಯುಸಿಯಲ್ಲಿ ಶೇ. 50 ಅಂಕ ಬೇಕು, ಮೀಸಲಾತಿಯವರಿಗೆ ರಿಯಾಯಿತಿ ಇದೆ. ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಡಯಟ್ ಇದೆ. ಒಂದು ಬೆಳಿಗ್ಗೆ ಹೋಗಿ ಕೇಳಿದರೆ ಎಲ್ಲಾ ಹೇಳುತ್ತಾರೆ, ಅದಕ್ಕೆ ಯಾವ ‘ಸೇವಾ ಶುಲ್ಕ’ವೂ ಇಲ್ಲ.

ಒರಿಜಿನಲ್ ವಾಪಸ್ ಕೇಳಿದಾಗ ‘ಕ್ಯಾನ್ಸಲೇಷನ್ ಚಾರ್ಜ್’ ಕಟ್ಟಿ ಅಂದ. ಕಟ್ಟಲಿಲ್ಲ. ನಾನೂ ಆ ಹೊಳಲ್ಕೆರೆ ಹುಡುಗಿಯೂ ಸೇರಿ ಠಾಣೆಗೆ ಅರ್ಜಿ ಕೊಟ್ಟೆವು. ರಸೀದಿ, ಫೋನ್‌ಪೇ ಸ್ಕ್ರೀನ್‌ಶಾಟ್, ವಾಟ್ಸಾಪ್ ಮಾತುಕತೆ ಎಲ್ಲಾ ಪ್ರಿಂಟ್ ಹಾಕಿಸಿ ಲಗತ್ತಿಸಿದ್ದೆವು. ಪೊಲೀಸರು ಕರೆಸಿದ ಮೇಲೆ ಅಂಕಪಟ್ಟಿ ಕೈಗೆ ಬಂತು. ದುಡ್ಡು ಇನ್ನೂ ಬಂದಿಲ್ಲ, ದೂರು ನಡೆಯುತ್ತಿದೆ. ನಿಮ್ಮ ಒರಿಜಿನಲ್ ಎಲ್ಲಾದರೂ ಹೀಗೆ ಸಿಕ್ಕಿಕೊಂಡಿದ್ದರೆ ಅದನ್ನು ಬಿಡಿಸಿಕೊಳ್ಳಲು ಅಂತ ಮತ್ತೊಂದು ಕಂತು ಕಟ್ಟಬೇಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಎರಡನೇ ಪ್ರತಿಗೆ ಓದಿದ ಶಾಲೆಯ ಮೂಲಕ ಅರ್ಜಿ ಹಾಕಬಹುದು. ಏಜೆಂಟನ ಮೊಬೈಲಿಗೆ ಕಳಿಸಿದ ಮೆಸೇಜುಗಳನ್ನು ಮಾತ್ರ ಸಿಟ್ಟಿನಲ್ಲಿ ಡಿಲೀಟ್ ಮಾಡಬೇಡಿ, ಠಾಣೆಯಲ್ಲಿ ಮೊದಲು ಕೇಳೋದೇ ಅವು.