ತಾನಾಗಿ ನಿಂತ ಸದ್ದನ್ನು ನಂಬಬೇಡಿ

ಹಳೆ ಕಾರು ಓಡಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೋದ ತಿಂಗಳು ನನ್ನ ಕಾರಿನ ಮುಂದಿನ ಎಡ ಚಕ್ರ ಮಡಚಿಕೊಂಡು ಬಿತ್ತು. ಪಾರ್ಕಿಂಗ್ ಜಾಗಕ್ಕೆ ನಿಧಾನವಾಗಿ ತಿರುಗಿಸುತ್ತಿದ್ದೆ, ನಡಿಗೆಯಷ್ಟೂ ವೇಗ ಇರಲಿಲ್ಲ, ಹಾಗಾಗಿ ಯಾರಿಗೂ ಏನೂ ಆಗಲಿಲ್ಲ. ಅದಕ್ಕೆ ಅರ್ಧ ಗಂಟೆ ಮುಂಚೆ ಅದೇ ಕಾರನ್ನು ಹೆದ್ದಾರಿಯಲ್ಲಿ 80ರ ವೇಗದಲ್ಲಿ ಓಡಿಸಿಕೊಂಡು ಬಂದಿದ್ದೆ. ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ಮಗಳು ಇದ್ದರು. ಆ ಅರ್ಧ ಗಂಟೆಯನ್ನು ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ.

ಇದು ಇದ್ದಕ್ಕಿದ್ದಂತೆ ಆದದ್ದಲ್ಲ. 12 ವರ್ಷದ ಕಾರು ನಾಲ್ಕು ತಿಂಗಳಿಂದ ಸೂಚನೆ ಕೊಡುತ್ತಲೇ ಇತ್ತು. ಮೊದಮೊದಲು ಬೆಳಿಗ್ಗೆ ಹೊರಡುವಾಗ, ಸ್ಟೇರಿಂಗ್ ತಿರುಗಿಸಿಕೊಂಡು ಹಂಪ್ ಇಳಿಯುವಾಗ ಮಾತ್ರ ಎಡಬದಿಯಿಂದ ಒಂದು ‘ಟಕ್’. ಚಿಲಕ ಬಿದ್ದ ಹಾಗೆ, ಒಂದೇ ಒಂದು ಸಲ. ಆಮೇಲೆ ಎರಡು ದಿನ ಏನೂ ಇಲ್ಲ. ಮಳೆ ಹಿಡಿದ ವಾರ ಪೂರ್ತಿ ಸುಮ್ಮನಿತ್ತು. ಬಿಸಿಲು ಬಂದ ಮೇಲೆ ಮತ್ತೆ ಶುರುವಾಯಿತು.

ಗ್ಯಾರೇಜಿಗೆ ಒಯ್ದ ದಿನ ಸದ್ದು ಬರಲೇ ಇಲ್ಲ. ಮೆಕ್ಯಾನಿಕ್ ಒಂದು ಸುತ್ತು ಓಡಿಸಿ ಬಂದು ‘ಶಾಕ್ ಅಬ್ಸಾರ್ಬರ್ ಹೋಗಿದೆ ಸಾರ್’ ಅಂದರು. ಬದಲಿಸಿದೆವು. ಹತ್ತು ದಿನ ಆರಾಮ, ಮತ್ತೆ ಟಕ್. ಈ ಸಲ ಲಿಂಕ್ ರಾಡ್. ಒಂದು ವಾರ ಆರಾಮ, ಮತ್ತೆ ಟಕ್. ಆಮೇಲೆ ಸ್ಟ್ರಟ್ ಮೌಂಟ್. ನಾಲ್ಕನೇ ಸಲ ಹೋದಾಗ ‘ಹಳೆ ಗಾಡಿ ಅಲ್ವಾ ಸಾರ್, ಇಷ್ಟು ಸದ್ದು ಇದ್ದೇ ಇರುತ್ತೆ’ ಅಂದುಬಿಟ್ಟರು. ನಾನೂ ಒಪ್ಪಿಕೊಂಡು ಬಂದೆ. ಈ ನಾಲ್ಕು ಭೇಟಿಯಲ್ಲಿ ಒಂದು ಸಲವೂ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಎಲ್ಲಿ, ಯಾವಾಗ ಬರುತ್ತೆ, ತೋರಿಸಿ’ ಎಂದು ಅವರು ಕೇಳಲಿಲ್ಲ. ‘ಬನ್ನಿ, ತೋರಿಸುತ್ತೇನೆ’ ಎಂದು ನಾನೂ ಹಟ ಹಿಡಿಯಲಿಲ್ಲ.

ಕಳಚಿಕೊಂಡದ್ದು ಲೋವರ್ ಆರ್ಮ್‌ನ, ಅಂದರೆ ಚಕ್ರವನ್ನು ಕೆಳಗಿನಿಂದ ಕಾರಿನ ಮೈಗೆ ಸೇರಿಸುವ ತೋಳಿನ, ತುದಿಯ ಬಾಲ್ ಜಾಯಿಂಟ್. ದಪ್ಪ ಗೋಲಿಯಂಥ ಉಕ್ಕಿನ ಗುಂಡೊಂದು ಬಟ್ಟಲಿನೊಳಗೆ ಬಿಗಿಯಾಗಿ ಕೂತಿರುತ್ತದೆ. ಒಳಗೆ ಗ್ರೀಸ್, ಹೊರಗೆ ರಬ್ಬರ್ ಬೂಟ್. ನನ್ನ ಕಾರಿನಲ್ಲಿ ಆ ಬೂಟ್ ಯಾವತ್ತೋ ಹರಿದಿತ್ತು. ಗ್ರೀಸ್ ಹೊರಗೆ ಹೋಗಿ ಧೂಳು, ನೀರು ಒಳಗೆ ಸೇರಿ ಬಟ್ಟಲು ಸವೆದಿತ್ತು. ನೇರ ರಸ್ತೆಯಲ್ಲಿ ಗುಂಡು ಒಂದೇ ಕಡೆ ಒತ್ತಿಕೊಂಡಿರುತ್ತದೆ, ಸದ್ದಿಲ್ಲ. ಚಕ್ರ ತಿರುಗಿರುವಾಗ ಹಂಪ್ ಸಿಕ್ಕಿ ಭಾರ ಪಕ್ಕಕ್ಕೆ ಸರಿದಾಗ ಮಾತ್ರ ಬಟ್ಟಲಿನ ಆಚೆ ಗೋಡೆಗೆ ಹೋಗಿ ಬಡಿಯುತ್ತದೆ. ಒಣಗಿದ ಜಾಯಿಂಟಿಗೆ ಮಳೆನೀರು ತಾಗಿದರೆ ಸದ್ದು ಕೆಲವು ದಿನ ಅಡಗುವುದೂ ಉಂಟು. ಪ್ರತಿ ರಿಪೇರಿಯಲ್ಲೂ ಆ ಬದಿಯ ಬೋಲ್ಟ್‌ಗಳನ್ನು ಬಿಚ್ಚಿ, ಚಕ್ರ ಇಳಿಬಿಟ್ಟು, ಮತ್ತೆ ಬಿಗಿದಾಗ ಗುಂಡು ಕೂತ ಜಾಗ ಸ್ವಲ್ಪ ಬದಲಾಗುತ್ತಿತ್ತು. ನಾನು ರಿಪೇರಿ ಆಯಿತು ಎಂದುಕೊಂಡು ಮನೆಗೆ ಬರುತ್ತಿದ್ದೆ.

ಆದ್ದರಿಂದ ಕೈಮುಗಿದು ಕೇಳುತ್ತೇನೆ, ಸದ್ದು ಮೆಕ್ಯಾನಿಕ್ ಕಿವಿಗೆ ಬೀಳುವ ತನಕ ಒಂದು ಪಾರ್ಟನ್ನೂ ಬರೀ ಊಹೆಯ ಮೇಲೆ ಬದಲಿಸಲು ಬಿಡಬೇಡಿ. ಅದಕ್ಕೆ ನೀವೂ ತಯಾರಿ ಮಾಡಿಕೊಂಡು ಹೋಗಬೇಕು. ಒಂದು ವಾರ ಚೀಟಿಯಲ್ಲಿ ಬರೆದಿಡಿ: ಇಂಜಿನ್ ತಣ್ಣಗಿತ್ತೋ ಬಿಸಿಯಿತ್ತೋ, ವೇಗ ಎಷ್ಟು, ತಿರುವು ಎಡಕ್ಕೋ ಬಲಕ್ಕೋ, ಬ್ರೇಕ್ ಮೇಲೆ ಕಾಲಿತ್ತೋ, ಎಷ್ಟು ಜನ ಕೂತಿದ್ದರು. ಪಕ್ಕದಲ್ಲಿ ಕೂತವರು ಫೋನಿನಲ್ಲಿ ರೆಕಾರ್ಡ್ ಮಾಡಲಿ, ಓಡಿಸುವವರು ಬೇಡ. ಡಿಕ್ಕಿ ಖಾಲಿ ಮಾಡಿ, ಜ್ಯಾಕು, ಸ್ಟೆಪ್ನಿ ಸಡಿಲವಾಗಿಲ್ಲ ತಾನೆ ಎಂದು ಮೊದಲೇ ನೋಡಿಕೊಳ್ಳಿ. ಕಿಟಕಿ ಇಳಿಸಿ ಗೋಡೆಯ ಪಕ್ಕ ನಿಧಾನವಾಗಿ ಓಡಿಸಿದರೆ ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತದೆ, ಯಾವ ಬದಿಯದೆಂದು ತಿಳಿಯುತ್ತದೆ.

ನಿಂತಲ್ಲೇ ಆಕ್ಸಿಲರೇಟರ್ ಒತ್ತಿದಾಗ ಬರುವ ಸದ್ದಿಗೆ ಇಂಜಿನ್ ಕಡೆ, ಬೆಲ್ಟ್ ಕಡೆ, ಸೈಲೆನ್ಸರಿನ ತಗಡಿನ ಕಡೆ ನೋಡಬೇಕು. ವೇಗ ಏರಿದಂತೆ ಏರುವ ‘ಗುಂಯ್’, ಸ್ಟೇರಿಂಗ್ ತುಸು ಎಡಕ್ಕೆ ಎಳೆದಾಗ ಹೆಚ್ಚಾದರೆ, ಸಾಮಾನ್ಯವಾಗಿ ಬಲ ಚಕ್ರದ ಬೇರಿಂಗ್, ಏಕೆಂದರೆ ಭಾರ ಆ ಕಡೆಗೆ ಬೀಳುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ‘ಟಕಟಕಟಕ’ ಎಂದರೆ ಆಕ್ಸೆಲ್ ತುದಿಯ ಜಾಯಿಂಟ್. ಟೈರ್ ಬಿಚ್ಚಿಸಿಕೊಂಡು ಬಂದ ಒಂದೆರಡು ದಿನದಲ್ಲೇ ಹೊಸ ಸದ್ದು ಶುರುವಾದರೆ ಮುಂದೆ ಓಡಿಸಬೇಡಿ, ಅಲ್ಲೇ ನಿಲ್ಲಿಸಿ ವೀಲ್ ನಟ್ ನೋಡಿ. ಇದನ್ನು ಅಸಡ್ಡೆ ಮಾಡಿದವರು ಬಹಳ.

ತಿರುವಿನಲ್ಲಿ, ಹಂಪ್‌ನಲ್ಲಿ, ಬ್ರೇಕ್ ಹಾಕಿದಾಗ ಮುಂದಿನಿಂದ ‘ಟಕ್’ ಬಂದರೆ ಚಕ್ರ ನೆಲದ ಮೇಲೆ ಇರುವಾಗ ಬರೀ ಕಣ್ಣಲ್ಲಿ ನೋಡಿ ‘ಸರಿಯಿದೆ’ ಅನ್ನುವವರ ಮಾತು ಕೇಳಬೇಡಿ. ಭಾರ ಬಿದ್ದಿರುವಾಗ ಸವೆದ ಜಾಯಿಂಟೂ ಅಲುಗದೆ ಕೂತಿರಬಹುದು. ಲಿಫ್ಟ್‌ಗೆ ಏರಿಸಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಬೇಕು, ಆಮೇಲೆ ಎಡ ಬಲ ಹಿಡಿದು. ಲೋವರ್ ಆರ್ಮ್ ಸಂದಿಗೆ ಉದ್ದನೆ ಲಿವರ್ ಕೊಟ್ಟು ಎತ್ತಬೇಕು. ಹರಿದ ಬೂಟ್ ಕಂಡರೆ ಸದ್ದು ಇಲ್ಲದಿದ್ದರೂ ಬಿಡಬಾರದು. ಮನೆಯಲ್ಲಿ ನೀವೇ ನೋಡುವುದಾದರೆ ಬರೀ ಜ್ಯಾಕ್ ನಂಬಿ ಕಾರಿನಡಿ ತಲೆ ಹಾಕಬೇಡಿ, ಕಾರಿನ ಭಾರ ಹೊರುವ ಸ್ಟ್ಯಾಂಡ್ ಕೊಡಿ. ಸದ್ದಿನ ಜೊತೆ ಸ್ಟೇರಿಂಗ್ ಸಡಿಲ ಅನಿಸಿದರೆ, ಕಾರು ಒಂದು ಕಡೆಗೆ ಎಳೆದರೆ, ಗ್ಯಾರೇಜಿನ ತನಕ ಓಡಿಸಿಕೊಂಡು ಹೋಗುವ ಧೈರ್ಯ ಬೇಡ. ಟೋ ಮಾಡಿಸಿ.

ಚಕ್ರ ಮಡಚಿದ ದಿನ ಕಾರನ್ನು ಟೋ ಮಾಡಿಸಿ ಬೇರೆಯವರ ಹತ್ತಿರ ಒಯ್ದೆ. ಅವರು ಮುರಿದ ಎಡಬದಿಯನ್ನು ಒಂದು ಸಲ ನೋಡಿ, ಏನೂ ಹೇಳದೆ ಬಲಬದಿಗೆ ಹೋಗಿ ಲಿವರ್ ಹಾಕಿದರು. ನನ್ನ ಕೈಯನ್ನು ಜಾಯಿಂಟಿನ ಮೇಲೆ ಇಡಿಸಿ ಎತ್ತಿದರು. ಬೆರಳಿನಡಿ ಗುಂಡು ಮೇಲಕ್ಕೆ ಕೆಳಕ್ಕೆ ಆಡಿದ್ದು ಸ್ಪಷ್ಟವಾಗಿ ತಿಳಿಯಿತು. ಆ ಬದಿಯಿಂದ ಈ ನಾಲ್ಕು ತಿಂಗಳಲ್ಲಿ ಒಂದು ದಿನವೂ ಸದ್ದು ಬಂದಿರಲಿಲ್ಲ.